ದೊಡ್ಡಣ್ಣನ ಎದುರು ಚಿಕ್ಕಣ್ಣ

ಭಾನುವಾರ, ಜೂನ್ ೭

ಪ್ರೀತಿಯ ಬಿಚ್ಚಮ್ಮನಿಗೆ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯೋ, ಈಗಲೂ ನಿಂತುಕೊಂಡೇ ಎರಡು ಬಿಸ್ಕತ್ತು ತಿಂದು ಕೈ ಒರೆಸಿಕೊಳ್ಳುತ್ತೀಯೋ? ನಿನ್ನ ಪಾರ್ಸೆಲ್ಲು ಬಂದು ಬಹಳ ದಿನವಾಯಿತು. ತಲುಪಿತು ಎಂದು ಒಂದು ಸಾಲನ್ನೂ ಬರೆಯಲಿಲ್ಲವೆಂದು ನೀನು ಮುಖ ಊದಿಸಿಕೊಂಡಿರುತ್ತೀಯ. ತಪ್ಪು ನನ್ನದೇ, ಆದರೆ ಅದರಲ್ಲಿ ಅರ್ಧ ನಿಮ್ಮಪ್ಪನ ಪಾಲು. ಶಾಲೆಗಳು ಶುರುವಾಗುವ ಕಾಲ ಅಂದರೆ ದರ್ಜಿಯ ಮನೆಯ ಗತಿ ನಿನಗೆ ಗೊತ್ತಲ್ಲ. ಕುರ್ಚಿಯ ಮೇಲೆ ಕಾಲರು, ಮಂಚದ ಮೇಲೆ ತೋಳು, ಎಲ್ಲಿ ನೋಡಿದರೂ ನೀಲಿ ಬಟ್ಟೆ. ಬರೆಯಲು ಕೂತರೆ ಕಾಗದದ ಮೇಲೆ ಯಾರದೋ ಜೇಬು ಬಂದು ಬೀಳುತ್ತದೆ. ಇಂದು ಭಾನುವಾರ, ಹೊಲಿಗೆ ಯಂತ್ರಕ್ಕೆ ರಜೆ. ಅಡುಗೆಮನೆಯ ಮೇಜನ್ನು ಒರೆಸಿ ಕೂತಿದ್ದೇನೆ.

ನೀನು ಬರೆದದ್ದನ್ನು ನಾನು ತಿಳಿದುಕೊಂಡದ್ದು ಹೀಗೆ, ತಪ್ಪಿದ್ದರೆ ತಿದ್ದು. ನಾನು ಕೆಲಸ ಮಾಡುತ್ತಿದ್ದಾಗ ನಮ್ಮ ಕಾರ್ಖಾನೆಯಿಂದ ಹೊರಬರುತ್ತಿದ್ದ ರೋಬೋ ಇದೆಯಲ್ಲ, ಕ್ರೇನ್ ಲಾರಿಯಾಗಿ ಓಡುತ್ತಿದ್ದು ತಿರುಗಿಸಿದರೆ ಎದ್ದು ನಿಲ್ಲುವಂಥದ್ದು, ಅದನ್ನು ಮತ್ತೆ ಅಂಗಡಿಗೆ ತರಬೇಕೆಂದು ಕಂಪನಿಗೆ ಆಸೆ. ಹೊಸದಾಗಿ ಅದಕ್ಕೆ ರೂಪ ಕೊಟ್ಟವಳು ನೀನು. ಆದರೆ ನಿಮ್ಮ ದೊಡ್ಡವರಲ್ಲಿ ಅರ್ಧ ಮಂದಿ, ಹೊಸದೇಕೆ, ಹಳೆಯ ಅಚ್ಚನ್ನೇ ಉಗ್ರಾಣದಿಂದ ತೆಗೆದು ಎಣ್ಣೆ ಹಾಕಿ ಒತ್ತಿದರಾಯಿತು ಎನ್ನುತ್ತಿದ್ದಾರೆ. ಜಗಳ ಬಗೆಹರಿಯಲೆಂದು ನಮ್ಮೂರಿನ ಹಳೆ ಆಟಿಕೆಗಳ ಸಂಘದವರ ಮುಂದೆ ಎರಡನ್ನೂ ಇಡುತ್ತಾರೆ. ಅವರು ಹೊಸದಕ್ಕೆ ಕೈ ಎತ್ತಿದರೆ ನಿನ್ನದು ಯಂತ್ರ ಹತ್ತುತ್ತದೆ. ಇಲ್ಲದಿದ್ದರೆ ನಿನ್ನ ಇಷ್ಟು ವರ್ಷಗಳ ಕೆಲಸ ಡ್ರಾಯರಿನೊಳಗೆ ಹೋಗಿ ಮಲಗುತ್ತದೆ. ರೂಪಿಸಿದವರು ಆ ಸಭೆಗೆ ಬರುವಂತಿಲ್ಲ ಎಂಬ ನಿಯಮ ಬೇರೆ.

"ಅಮ್ಮ, ತಾಯಿಯಾಗಿ ಹೇಳಬೇಡ. ಹಳೆಯದನ್ನು ಮಾಡಿದವಳಾಗಿ ಹೇಳು. ನನ್ನದು ಅದಕ್ಕಿಂತ ಚೆನ್ನಾಗಿದೆಯಾ?" ಎಂದು ಕೇಳಿದ್ದೀಯ. ಸರಿ, ಮುಲಾಜಿಲ್ಲದೆ ಹೇಳುತ್ತೇನೆ. ಆಮೇಲೆ ಕಣ್ಣೀರು ಹಾಕಬಾರದು.

ಪೆಟ್ಟಿಗೆಯಿಂದ ನಿನ್ನದನ್ನು ತೆಗೆದು, ಕಪಾಟಿನ ಮೇಲಿದ್ದ ನಮ್ಮ ಹಳೆಯದನ್ನು ಇಳಿಸಿ, ಎರಡನ್ನೂ ಮೇಜಿನ ಮೇಲೆ ನಿಲ್ಲಿಸಿದೆವು. ಹಳೆಯದು ದೊಡ್ಡಣ್ಣ, ಹೊಸದು ಚಿಕ್ಕಣ್ಣ ಎಂದು ನಿಮ್ಮಪ್ಪ ಆಗಲೇ ಹೆಸರಿಟ್ಟಾಗಿದೆ. ಇಟ್ಟದ್ದಷ್ಟೇ ಅಲ್ಲ, ಕುತ್ತಿಗೆಯಲ್ಲಿದ್ದ ಅಳತೆಪಟ್ಟಿ ತೆಗೆದು ಇಬ್ಬರ ಮೈಯನ್ನೂ ಅಳೆದರು. ನಗಬೇಡ, ಮುಖ ಗಂಭೀರವಾಗಿಯೇ ಇತ್ತು.

"ದೊಡ್ಡೋನಿಗೆ ಭುಜ ಅಗಲ, ಸೊಂಟಾನೇ ಇಲ್ಲ. ಬಗ್ಗು ಅಂದ್ರೆ ಬಗ್ಗಲ್ಲ. ಚಿಕ್ಕೋನಿಗೆ ಸೊಂಟ ಇದೆ. ಆದ್ರೆ ತೋಳು ಗಿಡ್ಡ ಆಯ್ತು ನೋಡು. ಇನ್ನೊಂದು ಬೆರಳು ಬಿಡಬೇಕಿತ್ತು ನಿನ್ನ ಮಗಳು," ಎಂದರು. ಹೊಗಳುವಾಗ ನೀನು ಅವರ ಮಗಳು, ತಪ್ಪು ಹುಡುಕುವಾಗ ನನ್ನವಳು.

ಇನ್ನು ನನ್ನ ಲೆಕ್ಕ. ಅಂಗೈಯಲ್ಲಿಟ್ಟರೆ ದೊಡ್ಡಣ್ಣನಿಗೆ ತೂಕವಿದೆ, ಏನನ್ನೋ ಹಿಡಿದಿದ್ದೇವೆ ಅನ್ನಿಸುತ್ತದೆ. ಚಿಕ್ಕಣ್ಣ ಹಗುರ. ಲಾರಿಯಾಗಿ ಓಡಿಸಿದರೆ ದೊಡ್ಡಣ್ಣ ಇಂದಿಗೂ ಎಡಕ್ಕೆ ಎಳೆಯುತ್ತಾನೆ, ಹುಟ್ಟುಗುಣ ಅದು. ನಿನ್ನದು ಬಿಟ್ಟ ಬಾಣದಂತೆ ನೆಟ್ಟಗೆ ಹೋಗಿ ಬಾಗಿಲಿಗೆ ಹೊಡೆಯಿತು. ಕೊಕ್ಕೆಯ ವಿಷಯದಲ್ಲಿ ಮಾತ್ರ ನಿನ್ನ ಮೇಲೆ ಸಿಟ್ಟಿದೆ. ನಮ್ಮದು ದಾರದಲ್ಲಿ ನೇತಾಡುತ್ತಿತ್ತು, ಚಮಚ ಸಿಕ್ಕಿಸಿದರೆ ಚಮಚ ಎತ್ತುತ್ತಿತ್ತು. ನಿನ್ನದು ಅಂಟಿಕೊಂಡಿದೆ, ಬರೀ ಅಲಂಕಾರ. ಕ್ರೇನು ಅಂದಮೇಲೆ ಏನನ್ನಾದರೂ ಎತ್ತಬೇಡವೇನೇ?

ಕೆಳಗಿನ ಮನೆಯಿಂದ ಬಣ್ಣದಕ್ಕನೂ ಬಂದಳು. ಕಾರ್ಖಾನೆಯ ಸಾಲಿನಲ್ಲಿ ನನ್ನ ಎದುರಿಗೆ ಕೂತು ದೊಡ್ಡಣ್ಣನ ಕಣ್ಣಿಗೆ ಕುಂಚದಿಂದ ಚುಕ್ಕೆ ಇಡುತ್ತಿದ್ದವಳು ಅವಳೇ ಅಲ್ಲವೇ? ಚಿಕ್ಕಣ್ಣನ ಅಚ್ಚಾದ ಕಣ್ಣನ್ನು ಬೆಳಕಿಗೆ ಹಿಡಿದು ನೋಡಿ ಮೂಗು ಮುರಿದಳು. "ಇದೇನಮ್ಮ, ಎಲ್ಲಾ ಒಂದೇ ಕಡೆ ನೋಡ್ತಾವೆ. ನಮ್ಮವರಲ್ಲಿ ಒಬ್ಬೊಬ್ಬ ಒಂದೊಂದು ಕಡೆ ನೋಡ್ತಿದ್ದ. ಮನೆಗೆ ಹೋದ್ಮೇಲೆ ಮಗು, ಇವನು ನನ್ನೇ ನೋಡ್ತಾನೆ ಅನ್ನೋದು," ಎಂದಳು. ಅವಳ ಮಾತಿನಲ್ಲೂ ಸತ್ಯವಿದೆ, ಬರೆದುಕೋ.

ತಿರುಗಿಸಿ ನೋಡಿದ್ದು ನಿಮ್ಮಪ್ಪ. ಕ್ರೇನಿನ ಕತ್ತನ್ನು ಮೇಲಕ್ಕೆಳೆದರೆ ಭುಜಗಳು ತಾವಾಗಿಯೇ ತೆರೆದುಕೊಂಡದ್ದನ್ನು ಕಂಡು, "ಅಬ್ಬಾ, ಜೇಬಿನ ಒಳಗಡೆ ಎಳೆದು ಹೊರಗೆ ಹಾಕಿದ ಹಾಗೆ ಬಂತು ಕಣೇ!" ಎಂದರು. ನಾನು ತಿರುಗಿಸಲಿಲ್ಲ, ಕನ್ನಡಕ ಸಿಗಲಿಲ್ಲ. ಹಾಗಾಗಿ ನಿನ್ನ ಪ್ರಶ್ನೆಗೆ ಉತ್ತರ ಇನ್ನೂ ನನ್ನ ಬಳಿ ಇಲ್ಲ.

ಆದರೆ ಒಂದು ಸುದ್ದಿ ಇದೆ. ನಿನ್ನೆ ಸಂಘದ ಅಧ್ಯಕ್ಷರು ಮೆಟ್ಟಿಲು ಹತ್ತಿ ಮನೆಗೆ ಬಂದಿದ್ದರು. ಮೂಲೆಯ ಕನ್ನಡಕದ ಅಂಗಡಿಯವರು. ಸಂಘದಲ್ಲಿ ಅವರಿಗೆ ಡಬ್ಬಿ ಸಾಹೇಬರು ಎಂದು ಹೆಸರು, ಏಕೆಂದರೆ ಕೊಂಡ ಯಾವ ಆಟಿಕೆಯನ್ನೂ ಡಬ್ಬಿಯಿಂದ ಹೊರಗೆ ತೆಗೆದವರಲ್ಲ. ಆ ರೋಬೋ ಮಾಡಿದ ಸಾಲಿನವರಲ್ಲಿ ಈ ಬೀದಿಯಲ್ಲಿ ಉಳಿದಿರುವುದು ನಾನೂ ಬಣ್ಣದಕ್ಕನೂ ಅಂತೆ. ಸಭೆಗೆ ನಾನು ಮುಖ್ಯ ಅತಿಥಿಯಾಗಬೇಕಂತೆ, ಹಳೆಯದರ ಬಗ್ಗೆ ನಾಲ್ಕು ಮಾತಾಡಬೇಕಂತೆ. ನಾನು ಮುಚ್ಚುಮರೆ ಮಾಡಲಿಲ್ಲ. "ಸಾಹೇಬರೇ, ಆ ಹೊಸದನ್ನ ಮಾಡಿರೋಳು ನನ್ನ ಮಗಳು. ನಾನು ಹಳೇದಕ್ಕೆ ತಾಯಿ, ಹೊಸದಕ್ಕೆ ಅಜ್ಜಿ. ಯಾರ ಕಡೆ ಮಾತಾಡ್ಲಿ?" ಎಂದೆ. ಅವರು ನಕ್ಕರು. "ತಾಯಿ ಕಡೆಯಿಂದಾನೇ ಮಾತಾಡಿ. ನಮಗೆ ಅಷ್ಟು ಸಾಕು," ಎಂದರು.

ಹೋಗಲೋ ಬೇಡವೋ ಎಂದು ಯೋಚಿಸುತ್ತಿದ್ದೇನೆ. ನಿಮ್ಮಪ್ಪ ಆಗಲೇ ನನ್ನ ನೀಲಿ ರವಿಕೆಯ ಹೊಲಿಗೆ ಬಿಚ್ಚಿ ಸಡಿಲ ಮಾಡುತ್ತಿದ್ದಾರೆ, ಅಂದರೆ ಹೋಗುವುದು ಖಂಡಿತ. ಎದೆಯಲ್ಲಿ ಧೈರ್ಯ ತುಂಬಿಕೊಂಡಿರು.

ನಿನ್ನ,
ಅಮ್ಮ

*

ಬುಧವಾರ, ಜೂನ್ ೧೭

ನನ್ನ ಬಿಚ್ಚಮ್ಮಾ,

ಸಭೆ ಮುಗಿದ ದಿನವೇ ಬರೆಯಬೇಕಿತ್ತು, ಕ್ಷಮಿಸು. ಕೂತರೆ ಒಬ್ಬರು ಬರುತ್ತಾರೆ, ನಿಂತರೆ ಇನ್ನೊಬ್ಬರು. ಬಂದವರಿಗೆಲ್ಲ ಮೊದಲಿನಿಂದ ಹೇಳಿ ಹೇಳಿ ನನ್ನ ಗಂಟಲು ಕಟ್ಟಿದೆ. ಏನಾಯಿತೆಂದು ನಿನಗೆ ಕಂಪನಿಯವರು ಫೋನಿನಲ್ಲಿ ಹೇಳಿರುತ್ತಾರೆ. ಆದರೂ ಗೊತ್ತಿಲ್ಲದವಳ ಹಾಗೆ ಓದು. ಸುದ್ದಿ ಅವರದಾದರೆ ಕಥೆ ನನ್ನದು, ನನಗೆ ಅದನ್ನು ಹೇಳುವ ಸುಖ ಬೇಕು.

ಸಭೆ ಗ್ರಂಥಾಲಯದ ಮಹಡಿಯಲ್ಲಿ ನಡೆಯಿತು. ನಾವು ಹೋಗುವ ಹೊತ್ತಿಗೆ ಕುರ್ಚಿಗಳು ತುಂಬಿದ್ದವು. ತಲೆ ನರೆತವರು, ಹೊಟ್ಟೆ ಬಂದವರು, ಒಬ್ಬೊಬ್ಬರೂ ಆಟಿಕೆಯ ಡಬ್ಬಿಯನ್ನು ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ. ಬಣ್ಣದಕ್ಕ ನನ್ನ ಕಿವಿಯಲ್ಲಿ, "ಇಷ್ಟೊಂದು ಆಟದ ಸಾಮಾನು, ಒಂದು ಮಗುವಾದ್ರೂ ಇದೆಯೇನೇ ಇಲ್ಲಿ?" ಎಂದಳು. ಕಣ್ಣಾಡಿಸಿ ನೋಡಿದೆ. ಒಂದೂ ಇರಲಿಲ್ಲ. ಹಿಂದಿನ ಸಾಲಿನಲ್ಲಿ ನಿಮ್ಮ ಕಂಪನಿಯಿಂದ ಬಂದ ಮೇಡಂ ಪೆನ್ನು ಹಿಡಿದು ಕೂತಿದ್ದರು. ಅವರ ಮುಖ ನೋಡಿ ಏನನ್ನೂ ತಿಳಿಯುವಂತಿರಲಿಲ್ಲ. ಕಂಪನಿಗೆ ಕೊನೆಯ ಮಾತು ಬರೆಯುವವರು ಅವರೇ ಎಂದು ಸಾಹೇಬರು ಮೊದಲೇ ಹೇಳಿದ್ದರು.

ವೇದಿಕೆಯ ಮೇಜಿನ ಮೇಲೆ ದೊಡ್ಡಣ್ಣ, ಚಿಕ್ಕಣ್ಣ ಅಕ್ಕಪಕ್ಕ ನಿಂತಿದ್ದರು. ಚಿಕ್ಕಣ್ಣ ಮೇಡಂ ತಂದದ್ದು, ದೊಡ್ಡಣ್ಣ ಡಬ್ಬಿ ಸಾಹೇಬರ ಸ್ವಂತದ್ದು, ಡಬ್ಬಿಯಲ್ಲಿದ್ದ ಹಾಗೆ ಲಾರಿಯಾಗಿಯೇ ಇದ್ದ. ಇದಕ್ಕಾಗಿ ಬಾಳಿನಲ್ಲಿ ಮೊದಲ ಸಲ ಡಬ್ಬಿ ತೆರೆದಿದ್ದರು ಪಾಪ. ಸಾಹೇಬರು ಒಂದೊಂದಾಗಿ ಹೋಲಿಸುತ್ತ ಬಂದರು. ತೂಕ, ಹಳೆಯದು. ಬಣ್ಣ, ಹಳೆಯದು. ಕಣ್ಣು, ಡಬ್ಬಿಯ ಮೇಲಿನ ಫೋಟೋ ನೋಡಿಯೇ, ಹಳೆಯದು, ಬಣ್ಣದಕ್ಕ ಎದ್ದು ನಿಂತು ಕೈ ಮುಗಿದಳು. ಕೊಕ್ಕೆ, ಕೇಳುವುದೇ ಬೇಡ. ಲಾರಿಯ ಓಟದಲ್ಲಿ ಮಾತ್ರ ನಿನ್ನದು ಗೆದ್ದಿತು, ಆದರೆ ಹಿಂದಿನಿಂದ ಯಾರೋ, "ಎಡಕ್ಕೆ ಎಳೆಯೋದೇ ಅದರ ಅಂದ!" ಎಂದು ಕೂಗಿ ಅದನ್ನೂ ಕಸಿದುಕೊಂಡರು. ಪ್ರತಿ ಮಾತಿಗೂ ಚಪ್ಪಾಳೆ. ನನ್ನ ಕೈಯ ಕೆಲಸವನ್ನು ಅಷ್ಟು ಜನ ಹೊಗಳುವಾಗ ನಾನು ಉಬ್ಬಿಹೋಗಬೇಕಿತ್ತು. ನನಗೆ ಮಾತ್ರ ನೀನು ಅಲ್ಲಿ ಕೆಲಸದ ಮೇಜಿನ ಮುಂದೆ ಉಗುರು ಕಚ್ಚುತ್ತ ಕೂತಿರುತ್ತೀಯ ಎಂಬುದೊಂದೇ ಕಣ್ಣ ಮುಂದೆ.

ಆಮೇಲೆ ನನ್ನನ್ನು ಕರೆದರು. "ಇಬ್ಬರನ್ನೂ ಕೈಗೆ ತಗೊಂಡು ನಾಲ್ಕು ಮಾತು ಹೇಳಿ ಅಮ್ಮ," ಎಂದರು ಸಾಹೇಬರು. ರೋಬೋ ಆಗಿ ನಿಂತಿದ್ದ ಚಿಕ್ಕಣ್ಣನನ್ನು ನಾನು ಎತ್ತಿಕೊಂಡೆ. ಮುಂದೆ ನಡೆದದ್ದನ್ನು ಬರೆಯಲು ಈಗಲೂ ನಾಚಿಕೆ.

ನಮ್ಮ ಸಾಲಿನಲ್ಲಿ ಒಂದು ಪದ್ಧತಿ ಇತ್ತು. ತೋಳು, ಮೊಣಕೈಗಳಿಗೆ ಉಕ್ಕಿನ ಪಿನ್ನು ಒತ್ತಿ ಕೂರಿಸಿದ ಮೇಲೆ ಬೊಂಬೆಯನ್ನು ತಲೆಕೆಳಗು ಹಿಡಿದು ಮೇಜಿಗೆ ಒಮ್ಮೆ ಕುಟ್ಟಬೇಕು. ಪಿನ್ನು ಸಡಿಲವಿದ್ದರೆ ಅಲ್ಲೇ ಉದುರುತ್ತದೆ, ಉದುರದಿದ್ದರೆ ಮುಂದಿನವಳ ಕೈಗೆ. ಬೆಳಗಿನಿಂದ ಸಂಜೆಯವರೆಗೆ ಆ ಕೊಠಡಿ ಟಕ್ ಟಕ್ ಎನ್ನುತ್ತಲೇ ಇರುತ್ತಿತ್ತು. ಕೆಲಸ ಬಿಟ್ಟರೂ ಕೈ ಅದನ್ನು ಬಿಟ್ಟಿಲ್ಲ. ಈಗಲೂ ಉಪ್ಪಿನ ಡಬ್ಬಿಯನ್ನು ಕುಟ್ಟಿಯೇ ಒಳಗಿಡುತ್ತೇನೆ. ಅಲ್ಲಿಯೂ ಹಾಗೇ ಆಯಿತು. ಏನು ಮಾತಾಡಲಿ ಎಂದು ತಲೆ ಯೋಚಿಸುತ್ತಿದ್ದರೆ ಕೈ ತನ್ನ ಪಾಡಿಗೆ ಚಿಕ್ಕಣ್ಣನನ್ನು ತಲೆಕೆಳಗು ಮಾಡಿ ಮೇಜಿಗೆ ಕುಟ್ಟಿಬಿಟ್ಟಿತು.

ಬಲಗೈ ಕಿತ್ತು ಹಾರಿತು. ಹಾರಿ, ಮುಂದಿನ ಸಾಲಿನ ಕುರ್ಚಿಗಳ ಕೆಳಗೆ ಉರುಳಿತು.

"ಅಯ್ಯಯ್ಯೋ!" ಎಂದಿತು ಸಭೆ. "ಮುಗೀತು ಬಿಡಿ," ಎಂದರು ಒಬ್ಬರು. "ಈಗಿನ ಕಾಲದ ಸಾಮಾನು ಅಂದ್ರೆ ಇಷ್ಟೇ," ಎಂದರು ಇನ್ನೊಬ್ಬರು. ಮಗಳು ವರ್ಷಗಟ್ಟಲೆ ಕೂತು ಮಾಡಿದ್ದನ್ನು ತಾಯಿ ಹೋಗಿ ಒಂದೇ ಏಟಿಗೆ ಮುರಿದು ಬಂದಳು ಎಂದು ಊರೆಲ್ಲ ಆಡಿಕೊಳ್ಳುವುದು ಆಗಲೇ ಕಿವಿಗೆ ಬೀಳುತ್ತಿತ್ತು. ನಿಮ್ಮಪ್ಪ ತಲೆ ತಗ್ಗಿಸಿ ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು.

ಡಬ್ಬಿ ಸಾಹೇಬರು ಒಳ್ಳೆಯವರು. ಕನ್ನಡಕ ಹಣೆಗೇರಿಸಿ, ಮಂಡಿಯೂರಿ, ಕುರ್ಚಿಗಳ ಕೆಳಗೆ ತಡಕಾಡಿ ಆ ತೋಳನ್ನು ತಂದು ಕೊಟ್ಟರು. ಮರ್ಯಾದೆ ಉಳಿಸಿಕೊಳ್ಳಲು ನಾನು ಸುಮ್ಮನೆ ಅದನ್ನು ಭುಜದ ಹತ್ತಿರ ಹಿಡಿದೆ. ಟಪ್ ಎಂದಿತು. ಕೂತೇಬಿಟ್ಟಿತು!

ನನಗೆ ನಂಬಿಕೆಯಾಗಲಿಲ್ಲ. ಎಳೆದೆ, ಬಂತು. ಒತ್ತಿದೆ, ಕೂತಿತು. ಪಿನ್ನೇ ಇಲ್ಲ! ತೋಳಿನ ತುದಿಯಲ್ಲಿ ಒಂದು ಗುಂಡು, ಭುಜದಲ್ಲಿ ಅದಕ್ಕೊಂದು ಬಟ್ಟಲಿನಂಥ ಗುಳಿ, ಅಷ್ಟೇ. ಎಡಗೈಯನ್ನೂ ಕಿತ್ತೆ, ಹಾಕಿದೆ. ಕಾಲನ್ನೂ ಕಿತ್ತು ಹಾಕಿದೆ. ನಾನು ಹೀಗೆ ನಿನ್ನ ರೋಬೋನ ಕೈಕಾಲು ಕೀಳುತ್ತ ನಿಂತದ್ದನ್ನು ನೋಡಿ ಸಭೆ ಮೊದಲು ಕಕ್ಕಾಬಿಕ್ಕಿಯಾಯಿತು, ಆಮೇಲೆ ನಗಲು ಶುರುಮಾಡಿತು. ಹಿಂದಿನಿಂದ ಮೇಡಂ ಎದ್ದು, "ಜೋರಾಗಿ ಬಿದ್ದರೆ ಕಳಚಿಕೊಳ್ಳಲಿ, ಮುರಿಯೋದು ಬೇಡ ಅಂತಾನೇ ಹಾಗೆ ಮಾಡಿದ್ದಾರೆ," ಎಂದರು. ಮೊದಲೇ ಹೇಳಬಾರದಿತ್ತೇ ಮಹಾತಾಯಿ, ನನ್ನ ಅರ್ಧ ಆಯುಸ್ಸು ಹೋಗಿತ್ತು.

"ಹಾಗಾದ್ರೆ ಹಳೇದಕ್ಕೂ ಒಂದು ಏಟು ಕೊಡಿ, ನೋಡೇಬಿಡೋಣ," ಎಂದರು ಸಾಹೇಬರು. ತಮ್ಮ ಸ್ವಂತದ ಬೊಂಬೆ, ಡಬ್ಬಿ ಬಿಟ್ಟು ಹೊರಬಂದ ಮೊದಲ ದಿನ! ಕಣ್ಣು ಮಾತ್ರ ಮುಚ್ಚಿಕೊಂಡರು. ಕುಟ್ಟಿದೆ. ಏನೂ ಅಲುಗಲಿಲ್ಲ. ಇನ್ನೂ ಜೋರಾಗಿ ಕುಟ್ಟಿದೆ. ಮೇಜಿನ ಮೇಲಿದ್ದ ನೀರಿನ ಲೋಟ ಹಾರಿತೇ ಹೊರತು ದೊಡ್ಡಣ್ಣನ ಒಂದು ಕೂದಲೂ ಕೊಂಕಲಿಲ್ಲ. ಸಭೆ ಚಪ್ಪಾಳೆ ತಟ್ಟಿತು. ಸುಳ್ಳು ಹೇಳಲಾರೆ ಮಗಳೇ, ಆ ಕ್ಷಣ ನನ್ನ ಕಾಲು ನೆಲದ ಮೇಲಿರಲಿಲ್ಲ. ಅಷ್ಟು ವರ್ಷದ ಹಿಂದೆ ನಾನು ಒತ್ತಿದ ಪಿನ್ನು ಅದು. ಇವತ್ತಿಗೂ ಜಾಗ ಬಿಟ್ಟು ಕದಲಿಲ್ಲ.

ಆಗ ಸಾಹೇಬರು ಹುಮ್ಮಸ್ಸಿನಲ್ಲಿ, "ಇನ್ನು ಲಾರಿಯಿಂದ ರೋಬೋ ಮಾಡಿ ತೋರಿಸಿ. ಮಾಡಿದ ಕೈಯಿಂದಲೇ ನೋಡಬೇಕು ನಾವು," ಎಂದು ದೊಡ್ಡಣ್ಣನನ್ನು ಲಾರಿಯ ರೂಪದಲ್ಲಿ ನನ್ನ ಮುಂದಿಟ್ಟರು.

ನಿಮ್ಮಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. "ಬೇಡ ಕಣೇ, ಕೊಡು, ನಾನು ತಿರುಗಿಸ್ತೀನಿ," ಎಂದರು. ಅವರಿಗೆ ಗೊತ್ತು.

ದೊಡ್ಡಣ್ಣನನ್ನು ಎಬ್ಬಿಸಬೇಕಾದರೆ ಲಾರಿಯ ಎರಡು ಪಕ್ಕಗಳನ್ನೂ ಎರಡು ಹೆಬ್ಬೆರಳಿನಿಂದ ಒಟ್ಟಿಗೆ ಗಟ್ಟಿಯಾಗಿ ಒತ್ತಬೇಕು. ಒತ್ತಿದೆ. ಆಗಲಿಲ್ಲ. ಮತ್ತೆ ಒತ್ತಿದೆ. ಹೆಬ್ಬೆರಳಿನ ಬುಡದಿಂದ ಮೊಣಕೈವರೆಗೆ ಚುಳ್ ಎಂದಿತು. ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದಾರೆ. ಏನಾದರೊಂದು ನೆಪ ಹೇಳಿ ಕೆಳಗಿಳಿಯಬಹುದಿತ್ತು, ನನಗೇನು ನೆಪಗಳಿಗೆ ಬರವೇ? ಅಂದೇಕೋ ಬೇಡ ಅನ್ನಿಸಿತು. ಬೊಂಬೆಯನ್ನು ಕೆಳಗಿಟ್ಟು ಹೇಳಿಬಿಟ್ಟೆ.

"ನನ್ನ ಕೈಲಿ ಆಗಲ್ಲ ಸಾಹೇಬರೇ. ಈಗ ವಯಸ್ಸಾಯ್ತು ಅಂತಲ್ಲ, ಆಗಲೂ ಆಗ್ತಿರಲಿಲ್ಲ. ಈ ಪಿನ್ನೆಲ್ಲಾ ಹೆಬ್ಬೆರಳಲ್ಲಿ ಒತ್ತಿರೋದು. ಬೆರಳಿಗೆ ಚರ್ಮದ ಟೋಪಿ ಹಾಕ್ಕೊಂಡು ಒತ್ತುತ್ತಿದ್ವಿ. ನಮ್ಮ ಯಜಮಾನರೇ ಹೊಲಿದು ಕೊಡೋರು. ಟೋಪಿ ಸವೀತಾ ಇತ್ತು, ಹೊಸದು ಹೊಲಿಯೋರು. ಕೀಲು ಸವೆದಿದ್ದಕ್ಕೆ ಹೊಸದು ಯಾರು ಹೊಲೀತಾರೆ? ನೀವು ದೊಡ್ಡಣ್ಣನ್ನ ಗಟ್ಟಿ ಅಂತೀರಿ, ಹೌದು, ಗಟ್ಟಿ. ಆ ಗಟ್ಟಿತನ ಎಲ್ಲಿಂದ ಬಂತು ಅಂತ ನಮ್ಮ ಸಾಲಿನವರ ಕೈ ನೋಡಿ. ಹಳೇ ಅಚ್ಚೇ ಮತ್ತೆ ತೆಗೆದ್ರೆ, ಮತ್ತೆ ಯಾರದೋ ಮನೆ ಹೆಣ್ಮಕ್ಕಳು ಕೂತು ಒತ್ತಬೇಕು."

ಬಣ್ಣದಕ್ಕ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಎದುರಿಗೇ ಕೂತು ಕೆಲಸ ಮಾಡಿದ ಅವಳಿಗೂ ನಾನು ಹೇಳಿರಲಿಲ್ಲ. ಗೊತ್ತಾದರೆ ಮೇಸ್ತ್ರಿ ಸಾಲಿನಿಂದ ಎಬ್ಬಿಸಿಬಿಡುತ್ತಿದ್ದ.

ಸಾಹೇಬರು ಬಂದು, "ಕ್ಷಮಿಸಿ ಅಮ್ಮ, ನಾನು ಮಾಡ್ತೀನಿ," ಎಂದು ದೊಡ್ಡಣ್ಣನನ್ನು ತೆಗೆದುಕೊಂಡರು. ಒತ್ತಿದರು. ಮುಖ ಕೆಂಪಾಯಿತು. ತಿರುಗಿಸಿ ಒತ್ತಿದರು. ಕೊನೆಗೆ ಮೆಲ್ಲಗೆ, "ನಾನು ಯಾವತ್ತೂ ಮಾಡಿ ನೋಡಿಲ್ಲ," ಎಂದರು. ಕೊಡಿ ಇಲ್ಲಿ ಎಂದು ಕಾರ್ಯದರ್ಶಿ ಬಂದರು, ಅವರ ಕೈಲೂ ಆಗಲಿಲ್ಲ. ಯಾರೋ ಸ್ಕ್ರೂಡ್ರೈವರ್ ಇದೆಯೇ ಎಂದರು. ಅಷ್ಟು ಹೊತ್ತು ಹೊಗಳಿ ಅಟ್ಟಕ್ಕೇರಿಸಿದ ಬೊಂಬೆಯನ್ನು ಆ ಕೋಣೆಯಲ್ಲಿ ಒಬ್ಬರೂ ಆಡಿಸಿ ನೋಡಿರಲಿಲ್ಲ! ಅದು ಹೊಳೆದದ್ದೇ ತಡ, ಅವರಿಗೇ ನಗು ತಡೆಯಲಾಗಲಿಲ್ಲ. ಸಾಹೇಬರಂತೂ ಕಣ್ಣೊರೆಸಿಕೊಂಡು ನಕ್ಕರು.

ನಾನು ಯಾರನ್ನೂ ಕೇಳಲಿಲ್ಲ. ಚಿಕ್ಕಣ್ಣನನ್ನು ಹತ್ತಿರ ಎಳೆದುಕೊಂಡೆ. ಅಷ್ಟರಲ್ಲಿ ಮೇಡಂ ಬಂದು ಅವನನ್ನು ಮತ್ತೆ ಲಾರಿಯಾಗಿ ಮಡಿಸಿಟ್ಟಿದ್ದರು. ಕ್ರೇನಿನ ಕತ್ತನ್ನು ಎರಡು ಬೆರಳಲ್ಲಿ ಹಿಡಿದು ಮೇಲಕ್ಕೆ ಎತ್ತಿದೆ. ಭುಜ ತೆರೆದುಕೊಂಡಿತು. ಚಕ್ರಗಳನ್ನು ಅಂಗೈಯಿಂದ ನೂಕಿದೆ, ಕಾಲಾಗಿ ಇಳಿದವು. ಮುಂಭಾಗವನ್ನು ಬಾಗಿಸಿದೆ, ಎದೆಯಾಯಿತು. ತಲೆ ಇನ್ನೂ ಒಳಗೇ ಇತ್ತು, ಎಲ್ಲಿ ಹಿಡಿಯಬೇಕೋ ತಿಳಿಯದೆ ತಡಕಾಡಿದೆ. ಎದೆಯನ್ನು ಒತ್ತಿದ ಕೂಡಲೇ ಅದೂ ಮೇಲೆ ಬಂದು ನನ್ನ ಮುಖ ನೋಡಿತು. ನಿಂತಿದ್ದಾನೆ! ಹೆಬ್ಬೆರಳಿಗೆ ಒಂದಿಷ್ಟೂ ನೋವಿಲ್ಲ. ಅಂಥ ಬೊಂಬೆಗಳನ್ನು ರಾಶಿ ರಾಶಿ ಮಾಡಿ ಕಳಿಸಿದವಳು ನಾನು, ಒಂದನ್ನು ನನ್ನ ಕೈಯಾರೆ ಎಬ್ಬಿಸಿ ನಿಲ್ಲಿಸಿದ್ದು ಅದೇ ಮೊದಲು ಕಣೇ. ಚಿಕ್ಕಣ್ಣನನ್ನು ತಲೆಯ ಮೇಲಕ್ಕೆತ್ತಿ ಹಿಡಿದೆ. "ನೋಡ್ರೀ! ನೋಡ್ರೀ! ನನ್ನ ಮಗಳು ಮಾಡಿರೋದು!" ಎಂದು ಕೂಗಿದೆನಂತೆ, ಬಣ್ಣದಕ್ಕ ಹೇಳಿದಳು. ನನಗೆ ನೆನಪಿಲ್ಲ. ನೆನಪಿರುವುದು ನಿಮ್ಮಪ್ಪನ ಸಿಳ್ಳೆ. ಮನೆಯಲ್ಲಿ ಯಾರಾದರೂ ಸಿಳ್ಳೆ ಹಾಕಿದರೆ ಗದರುವ ಮನುಷ್ಯ, ಎರಡು ಬೆರಳು ಬಾಯಲ್ಲಿಟ್ಟು ಗ್ರಂಥಾಲಯ ಒಡೆದುಹೋಗುವಂತೆ ಸಿಳ್ಳೆ ಹಾಕಿದರು. ಕೆಳಗಿನಿಂದ ಗ್ರಂಥಪಾಲಕಿ ಓಡಿ ಬಂದಳು.

ಕೈ ಎತ್ತುವಂತೆ ಕೇಳಿದಾಗ ಹೊಸದಕ್ಕೆ ಎಲ್ಲಕ್ಕಿಂತ ಮೊದಲು ಎದ್ದದ್ದು ಡಬ್ಬಿ ಸಾಹೇಬರ ಕೈ. ಆಮೇಲೆ ಯಾರು ಕೈ ಎತ್ತಿಲ್ಲ ಎಂದು ಹುಡುಕಬೇಕಾಯಿತು. ಆದರೆ ಷರತ್ತು ಹಾಕದೆ ಬಿಟ್ಟಾರೆಯೇ? ಕೊಕ್ಕೆ ದಾರದಲ್ಲಿ ನೇತಾಡಬೇಕು, ಏನನ್ನಾದರೂ ಎತ್ತಬೇಕು. ಕಣ್ಣಿಗೆ ಕೈಯಿಂದಲೇ ಚುಕ್ಕೆ ಇಡಬೇಕು. ಬಣ್ಣದಕ್ಕ, "ಕಲಿಸೋಕೆ ನಾನು ಬರ್ತೀನಿ, ಯಾವಾಗ ಬರಲಿ ಹೇಳಿ," ಎಂದು ಮೇಡಂ ಬೆನ್ನು ಹತ್ತಿದ್ದಾಳೆ. ಮೇಡಂ ಹೊರಡುವಾಗ ನನ್ನ ಕೈ ಹಿಡಿದು, ಬಹಳ ಮೃದುವಾಗಿ ಹಿಡಿದು, "ಹೊಸದೇ ಬರುತ್ತೆ ಅಮ್ಮ, ಇವತ್ತೇ ಬರೀತೀನಿ," ಎಂದರು. ಸಾಹೇಬರು ತಮ್ಮ ದೊಡ್ಡಣ್ಣನನ್ನು ಮತ್ತೆ ಡಬ್ಬಿಗೆ ಹಾಕಲಿಲ್ಲ. ಕೋಟಿನ ಜೇಬಿನಲ್ಲಿ ತುರುಕಿಕೊಂಡು, ಕ್ರೇನು ಹೊರಗೆ ಇಣುಕುತ್ತಿರಲು, ಮೆಟ್ಟಿಲಿಳಿದು ಹೋದರು.

ಈಗ ನಿನ್ನ ಪ್ರಶ್ನೆಗೆ ಉತ್ತರ. ತಾಯಿಯಾಗಿ ಅಲ್ಲ, ಹಳೆಯದನ್ನು ಮಾಡಿದವಳಾಗಿಯೇ ಹೇಳುತ್ತೇನೆ. ನಿನ್ನದು ಚೆನ್ನಾಗಿದೆ. ನಮ್ಮದಕ್ಕಿಂತ ಬಹಳ ಚೆನ್ನಾಗಿದೆ. ತೋಳು ಸ್ವಲ್ಪ ಗಿಡ್ಡವೇ, ಅದರಲ್ಲಿ ನಿಮ್ಮಪ್ಪ ರಾಜಿಯಾಗುವುದಿಲ್ಲ. ಆ ಪಿನ್ನಿಲ್ಲದ ಕೀಲನ್ನು ನೀನು ಮಕ್ಕಳಿಗಾಗಿ ಮಾಡಿದೆಯೋ, ಕಂಪನಿಗಾಗಿ ಮಾಡಿದೆಯೋ ನನಗೆ ಗೊತ್ತಿಲ್ಲ. ಅದನ್ನು ಕೂಡಿಸಲು ಕೂರುವ ಹೆಣ್ಣುಮಕ್ಕಳು ಸಂಜೆ ಮನೆಗೆ ಹೋಗಿ ನೋವಿಲ್ಲದೆ ಪಾತ್ರೆ ತೊಳೆಯುತ್ತಾರೆ, ಮಕ್ಕಳ ಅಂಗಿಯ ಗುಂಡಿ ಹಾಕುತ್ತಾರೆ. ಅವರಿಗೆ ನಿನ್ನ ಹೆಸರು ಗೊತ್ತಿರುವುದಿಲ್ಲ. ನನಗೆ ಗೊತ್ತಿದೆ, ಸಾಕು.

ನಿನ್ನ ಹೊಟ್ಟೆ ತಣ್ಣಗಿರಲಿ, ಕೂತಲ್ಲಿ ನಿಂತಲ್ಲಿ ಒಳ್ಳೆಯದಾಗಲಿ, ನಿನ್ನ ಹತ್ತು ಬೆರಳೂ ಕೊನೆಯವರೆಗೆ ನೀನು ಹೇಳಿದಂತೆ ಕೇಳಲಿ. ನಿಮ್ಮಪ್ಪನೂ ಹರಸುತ್ತಿದ್ದಾರೆ, ಬಾಯಲ್ಲಿ ಗುಂಡುಸೂಜಿ ಇರುವುದರಿಂದ ಮಾತು ಸ್ಪಷ್ಟವಿಲ್ಲ.

ನಿನ್ನ,
ಅಮ್ಮ

ತಾ.ಕ.: ನಿನ್ನ ಪತ್ರದ ಕೊನೆಯಲ್ಲಿ ಇನ್ನೊಂದು ಮಾತಿತ್ತು. ಅದನ್ನು ನೋಡದವಳಂತೆ ಎರಡು ಪತ್ರ ಬರೆದೆ. "ಚಿಕ್ಕವಳಿದ್ದಾಗ ನೀನು ಒಂದು ದಿನವೂ ನನ್ನ ಜೊತೆ ಆಡಲಿಲ್ಲ, ಅದಕ್ಕೇ ಇದನ್ನು ನಿನಗೆ ತೋರಿಸಲು ಭಯ," ಎಂದಿದ್ದೆ. ನಿನಗೆ ಜ್ವರ ಬಂದಿದ್ದ ಒಂದು ಸಂಜೆ, ನಾನು ಕೆಲಸದಿಂದ ಬರುವುದನ್ನೇ ಕಾಯುತ್ತಿದ್ದು, ಹಾಸಿಗೆಯಿಂದಲೇ ನೀನು ದೊಡ್ಡಣ್ಣನನ್ನು ನನ್ನತ್ತ ಚಾಚಿದೆ. "ಅಮ್ಮ, ಇವನ್ನ ಎಬ್ಬಿಸಿಕೊಡು," ಎಂದೆ. ದಿನವಿಡೀ ಅವನಂಥವರ ಪಿನ್ನು ಒತ್ತಿ ಬಂದಿದ್ದೆ, ಬೆರಳು ಮಡಿಸಲೂ ಬರುತ್ತಿರಲಿಲ್ಲ. ಆಗುವುದಿಲ್ಲ ಎಂದರೆ ನೀನು ಹೆದರುತ್ತೀಯ ಎಂದು, ನನಗೆ ಕೆಲಸವಿದೆ, ಕೆಳಗಿನ ಮನೆಯಲ್ಲಿ ಕೇಳು ಎಂದುಬಿಟ್ಟೆ. ನೀನು ಜ್ವರದ ಮೈಯಲ್ಲೇ ಎದ್ದು, ಅವನನ್ನು ಎದೆಗವಚಿಕೊಂಡು ಮೆಟ್ಟಿಲಿಳಿದು ಹೋದೆ. ನಾನು ಬಾಗಿಲ ಹಿಂದೆ ನಿಂತು ಅತ್ತದ್ದು ನಿನಗೆ ಗೊತ್ತಿಲ್ಲ. ಅಂದಿನಿಂದ ಮುರಿದದ್ದು, ಹರಿದದ್ದು, ಕೆಟ್ಟದ್ದು ಯಾವುದನ್ನೂ ನೀನು ನನ್ನ ಹತ್ತಿರ ತರಲಿಲ್ಲ. ಎಲ್ಲವನ್ನೂ ನೀನೇ ಬಿಚ್ಚಿ ನೋಡಿ ಸರಿಮಾಡಿಕೊಂಡೆ, ಬಿಚ್ಚಮ್ಮನಾದೆ. ಮಗಳು ಎಷ್ಟು ಜಾಣೆ ಎಂದು ಜನ ಹೊಗಳಿದಾಗಲೆಲ್ಲ ನನಗೆ ಆ ಮೆಟ್ಟಿಲೇ ಕಾಣುತ್ತಿತ್ತು. ಪಾರ್ಸೆಲ್ಲಿನ ಮೇಲೆ ನಿನ್ನ ಕೈಬರಹದಲ್ಲಿ ನನ್ನ ಹೆಸರು ಕಂಡ ದಿನ, ಅದನ್ನು ತೆರೆಯದೆ ಬಹಳ ಹೊತ್ತು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ನನ್ನ ಕೈಲಿ ಆಗುತ್ತದೋ ಇಲ್ಲವೋ, ಇನ್ನು ಮೇಲೆ ಏನಿದ್ದರೂ ಮೊದಲು ನನ್ನ ಹತ್ತಿರವೇ ತಾ.